ಗೆರೆಯಿಲ್ಲದ ಹೆಬ್ಬೆರಳು

ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಜರಿ ಯಂತ್ರ ಈ ತಿಂಗಳು ಚಿಕ್ಕಮ್ಮನನ್ನು ಒಂಬತ್ತು ದಿನ ಗೈರುಹಾಜರು ಅಂತ ದಾಖಲಿಸಿದೆ. ಆ ಒಂಬತ್ತೂ ದಿನ ಚಿಕ್ಕಮ್ಮ ಇದೇ ಕಾಲೇಜಿನ ಮೂರು ಮಹಡಿ ಒರೆಸಿದ್ದಾಳೆ. ಬೆರಳ ತುದಿಗೆ ಮೆತ್ತಿದ ಸೀಮೆಸುಣ್ಣವನ್ನು ತಿಕ್ಕುತ್ತ ಇವಳು, ಇಲ್ಲೇ ಕೊನೆಯ ವರ್ಷ ಓದುವ ಅಕ್ಕನ ಮಗಳು, ತಾನೇ ಬರೆದ ಬೋರ್ಡು ನೋಡುತ್ತಾಳೆ, ಮೇಲೆ ಚಿಕ್ಕಮ್ಮನ ಹೆಸರು, ಕೆಳಗೆ ಒಂಬತ್ತು ತಾರೀಖು, ಏಳರ ಬಾಲ ಸೊಟ್ಟಗಾಗಿದೆ, ಆಗಲಿ — ಎದುರಿಗೆ ವಿಭಾಗದ ಹೆಡ್ ಸರ್, ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, ಮೊಬೈಲಿನೊಳಗೆ ಮುಳುಗಿದ ಬೋಳುತಲೆ. ಇದೇನಮ್ಮಾ ಇದು, ಅಂತಾರೆ ಹೆಡ್ ಸರ್. ಇದೇನು ಅಂದರೆ? ನೀವೇ ಕೊಟ್ಟದ್ದಲ್ಲವೇ, ರಾಜಕೀಯ ಅರ್ಥಶಾಸ್ತ್ರದ ಮೈನರ್, ಅಂದರೆ ಉಪವಿಷಯ, ಅದರ ಕೊನೆಯ ಪ್ರಾಜೆಕ್ಟು, ಕಣ್ಣೆದುರಿನ ಒಂದು ವಸ್ತು ಆರಿಸಿಕೊಳ್ಳಿ, ಅದರ ಹಿಂದೆ ಯಾರ ದುಡಿಮೆ ಇದೆ ಹುಡುಕಿ ಅಂತ — ಗೆಳತಿಯೊಬ್ಬಳು ಅಂಗಿ ತಂದಳು, ಇನ್ನೊಬ್ಬಳು ಮೊಬೈಲು, ಭೇಷ್ ಅಂದರು, ದೂರದ ಫ್ಯಾಕ್ಟರಿಯ ದುಃಖವನ್ನು ಎಷ್ಟು ಬೇಕಾದರೂ ಸಹಿಸಬಲ್ಲರು ಇವರು, ಇವಳು ಆರಿಸಿಕೊಂಡದ್ದು ಈ ಕೋಣೆಯ ನೆಲ, ಮುಖ ಕಾಣುವಷ್ಟು ಹೊಳೆಯುವ ನೆಲ, ತರುವುದೇನು ಬಂತು, ಅವರ ಬೂಟಿನಡಿಯಲ್ಲೇ ಇತ್ತು.

ಮತ್ತೆ ಪ್ರಯತ್ನಿಸಿ, ಅನ್ನುತ್ತದೆ ಆ ಯಂತ್ರ, ಜೇನಿನಂಥ ಹೆಣ್ಣುದನಿ, ಬೆಳಗ್ಗೆ ಆರಕ್ಕೆ ಗೇಟಿನ ಬಳಿ ಚಿಕ್ಕಮ್ಮ ಹೆಬ್ಬೆರಳನ್ನು ತೋಳಿಗೆ ಉಜ್ಜಿ ಒತ್ತುತ್ತಾಳೆ, ಮತ್ತೆ ಪ್ರಯತ್ನಿಸಿ, ಬಾಯಿಂದ ಊದಿ ಊದಿ ಒತ್ತುತ್ತಾಳೆ, ಮತ್ತೆ ಪ್ರಯತ್ನಿಸಿ, ನಮ್ಮತ್ತೆ ಕೂಡ ಇಷ್ಟು ಕಾಡಿರಲಿಲ್ಲ ಕಣೆ ಈ ಮಹಾರಾಯ್ತಿ, ಅಂತ ನಗುತ್ತಾಳೆ, ಕೆಂಪು ದೀಪ — ಹನ್ನೆರಡು ವರ್ಷ ಆಸಿಡ್ಡು ಸುರಿದು ಕಕ್ಕಸು ತಿಕ್ಕಿದ ಹೆಬ್ಬೆರಳು, ಒಂದು ಗೆರೆಯಿಲ್ಲ, ನುಣ್ಣಗೆ, ಸವೆದ ಸಾಬೂನಿನ ಚೂರಿನ ಹಾಗೆ. ಕೈಗವಸು ಕೇಳಿದ್ದಕ್ಕೆ ಗುತ್ತಿಗೆದಾರ ಏನಂದ, ಮದುವೆಗೆ ಹೊರಟಿದ್ದೀಯೇನಮ್ಮಾ ಅಂದ. ಇವಳ ಮೇಜರ್ ರಸಾಯನಶಾಸ್ತ್ರ, ಆಮ್ಲ ಚರ್ಮವನ್ನು ಏನು ಮಾಡುತ್ತದೆ ಅಂತ ಮೂರು ವರ್ಷ ಬಾಯಿಪಾಠ, ಪೂರ್ತಿ ಅಂಕ, ಯಾರ ಚರ್ಮವನ್ನು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ, ಕೇಳಲು ಕಲಿಸಿದ್ದು ಈ ಮೈನರ್, ವಾರಕ್ಕೆ ಮೂರು ಗಂಟೆ, ಫ್ಯಾನು ತಿರುಗದ ಮೂಲೆಯ ಕೋಣೆ — ಮೈನರ್ ಅಂದ್ರೆ ಪ್ಯಾಂಟಿಗೆ ಬೆಲ್ಟ್ ಇದ್ದ ಹಾಗೆ ಕಣಮ್ಮ, ಹೆಡ್ ಸರ್ ನಗುತ್ತಿದ್ದಾರೆ, ಅದನ್ನೇ ಪ್ಯಾಂಟು ಅಂದ್ಕೊಂಡ್ರೆ ಹೇಗೆ, ಬೋಳುತಲೆಯೂ ನಕ್ಕಿತು, ನಗಲಿ, ನಿನ್ನೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಅಂದಿದ್ದಳು, ಬರಿಯೇ, ನನ್ನ ಹೆಸರು ಹಾಕಿಯೇ ಬರಿ, ಕೆಲಸ ಹೋದೀತು ಚಿಕ್ಕಮ್ಮಾ, ಹೋದ್ರೆ ಹೋಗ್ಲಿ, ಒಂಬತ್ತು ದಿನ ನಾನೇನು ಸತ್ತುಹೋಗಿದ್ನಾ? ಬರೆದ ಮೇಲೆ ಅಳಿಸಬೇಡ ಅಷ್ಟೇ, ಬರೆಯೋದು ನಿನ್ನ ಕೆಲಸ, ಒರೆಸೋದು ನನ್ನ ಕೆಲಸ, ನನ್ನ ಕೆಲಸಕ್ಕೆ ಕೈ ಹಾಕ್ಬೇಡ, ಅಂತ ಕಣ್ಣು ಮಿಟುಕಿಸಿ ಪಾತ್ರೆ ಬೋರಲು ಹಾಕಿದಳು, ಆ ಹೆಬ್ಬೆರಳಿನ ಕೈಯಿಂದಲೇ.

ಒರೆಸಿಬಿಡು, ಅಂತಾರೆ ಹೆಡ್ ಸರ್, ನಗು ಎಲ್ಲಿ ಹೋಯಿತೋ, ಪ್ರಿನ್ಸಿಪಾಲರು ಬರೋ ಹೊತ್ತು, ಅಂಗಿ ಬಗ್ಗೆ ನಾಲ್ಕು ಮಾತಾಡು, ಅಂಕ ಹಾಕ್ತೀನಿ, ಇಲ್ಲಾಂದ್ರೆ ನೀನು ಪರೀಕ್ಷೆಗೇ ಬಂದಿಲ್ಲ ಅಂತ ಬರ್ಕೋತೀನಿ, ಗೈರುಹಾಜರು. ಗೈರುಹಾಜರು! ಎರಡು ಕಾಲ ಮೇಲೆ ಕಂಬದ ಹಾಗೆ ನಿಂತಿದ್ದೀನಲ್ಲ, ಬೆವರುತ್ತಿದ್ದೀನಲ್ಲ, ಯಂತ್ರದ ಮಾತನ್ನು ಮನುಷ್ಯರೂ ಕಲಿತರೋ, ಇಲ್ಲ, ಯಂತ್ರಕ್ಕೆ ಕಲಿಸಿದವರೇ ಇವರು — ಈ ಮೂರು ಕ್ರೆಡಿಟ್ ಹೋದರೆ ಪದವಿ ಒಂದು ವರ್ಷ ಮುಂದಕ್ಕೆ, ಅವರಿಗೂ ಗೊತ್ತು, ಇವಳಿಗೂ ಗೊತ್ತು, ಹಿಂದಿನ ಬೆಂಚಿನಿಂದ ಗೆಳತಿಯ ಪಿಸುಮಾತು, ಒರೆಸಿಬಿಡೇ ಮಾರಾಯ್ತಿ, ಡಸ್ಟರು ಹಿಡಿದ ಕೈ ಮುಂದೆ ಬಂದಿದೆ, ತಗೋ, ಡಸ್ಟರಿನ ಮರದ ಮೇಲೆ ಹೆಡ್ ಸರ್ ಹೆಬ್ಬೆರಳು, ಅಬ್ಬಾ ಎಷ್ಟು ಗೆರೆ, ಸುತ್ತು ಸುತ್ತು, ಒಂದೂ ಸವೆದಿಲ್ಲ, ಹೊರಗೆ ಕಾರಿಡಾರಿನಲ್ಲಿ ಬಕೆಟ್ಟು ಎಳೆಯುವ ಸದ್ದು ಬಂತು, ನಿಂತಿತು, ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಒರೆಸಲ್ಲ ಸರ್, ಏನಂದೆ, ಒರೆಸಲ್ಲ, ಬರ್ಕೊಳ್ಳಿ ಗೈರುಹಾಜರು ಅಂತ, ಕೆಂಪು ದೀಪ, ಸಾಬೂನಿನ ಚೂರಿನಂಥ ಹೆಬ್ಬೆರಳು, ಊದಿ ಊದಿ ಒತ್ತುತ್ತಲೇ ಇರುವ ಆ ಹೆಬ್ಬೆರಳು