ತಿಳಿನೀಲಿ ಬಯಲು

ನಗರ ಯೋಜನಾ ಕಚೇರಿಯಲ್ಲಿ ಎಲ್ಲರೂ ಅವಳನ್ನು ನಕ್ಷೆ ಅಕ್ಕ ಎನ್ನುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವಳು. ಅವಳ ಗೆರೆ ತಪ್ಪಿದರೆ ಊರೇ ತಪ್ಪಿದಂತೆ ಎಂದು ಸಾಹೇಬರು ತಮಾಷೆ ಮಾಡುತ್ತಿದ್ದರು.

ಆ ಮಧ್ಯಾಹ್ನ, ಬೆಳಗಿನಿಂದ ಬಿಡದೆ ಸುರಿದ ಮಳೆಗೆ ಕೆಳಗಿನ ದಾಖಲೆ ಕೋಣೆ ಸೋರತೊಡಗಿತು. ಹಳೆಯ ನಕ್ಷೆಗಳನ್ನು ಮೇಲಕ್ಕೆ ಸಾಗಿಸುವಾಗ ಒಂದು ಸುರುಳಿ ಬಿಚ್ಚಿಕೊಂಡಿತು. ಹೊಳೆಯ ತಿರುವಿನ ಬಯಲು. ಅದರ ತುಂಬ ತಿಳಿನೀಲಿ ಪೆನ್ಸಿಲ್ಲಿನ ಗೆರೆಗಳು, ನಡುವೆ ಅದೇ ಬಣ್ಣದ ಬರಹ: ‘ನೆರೆ ನೀರು ನಿಲ್ಲುವ ಜಾಗ. ಖಾಲಿ ಬಿಡತಕ್ಕದ್ದು.’

ಹಿಂದಿನ ನಕ್ಷೆಗಾರರು ನೀರಿನ ಜಾಗವನ್ನು ತಿಳಿನೀಲಿಯಲ್ಲೇ ಗುರುತಿಸುತ್ತಿದ್ದರು. ಜೆರಾಕ್ಸ್ ಯಂತ್ರವೋ ಆ ಬಣ್ಣಕ್ಕೆ ಕುರುಡು. ಆರು ವರ್ಷದ ಹಿಂದೆ ಅವಳು ಹೊಸ ನಕ್ಷೆ ಬರೆದದ್ದು ಜೆರಾಕ್ಸ್ ಪ್ರತಿ ನೋಡಿ. ಅದರಲ್ಲಿ ಬಯಲು ಬೆಳ್ಳಗಿತ್ತು. ಮನೆ ಕಟ್ಟಬಹುದೆಂದು ಹಳದಿ ತುಂಬಿ ಸಹಿ ಹಾಕಿದ್ದಳು. ಮೂಲ ಪ್ರತಿ ತೆಗೆದು ನೋಡಲು ಅಂದು ಪುರುಸೊತ್ತಿರಲಿಲ್ಲ, ಅಷ್ಟೇ. ಹೊಳೆಗೇನು ಗೊತ್ತು ಸಹಿ, ಮೊಹರು?

ಈಗ ಅಲ್ಲಿ ನಾನೂರು ಮನೆ. ಅದರಲ್ಲೊಂದು ಅವಳ ತಂಗಿಯದು, ಅಕ್ಕನ ಮಾತು ನಂಬಿಯೇ ಕೊಂಡದ್ದು.

ಅವಳು ತಂಗಿಗೆ ಫೋನ್ ಮಾಡಿದಳು. ಮೂರನೇ ಸಲಕ್ಕೆ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ.

“ಎಲ್ಲಿದ್ದೀಯೇ?”

“ಮನೇಲೇ ಅಕ್ಕ. ಹೊಳೆ ಏರ್ತಿದೆಯಂತೆ. ಬೀದಿಯವರೆಲ್ಲ ಗಂಟುಮೂಟೆ ಕಟ್ಕೊಂಡು ಹೊರಟಿದ್ರು, ನಾನೇ ತಡೆದೆ. ನಕ್ಷೆ ಬರ್ದಿರೋದೇ ನಮ್ಮಕ್ಕ, ಇಲ್ಲಿಗೆ ನೀರು ಬರಲ್ಲ, ನಮ್ಮನೇಲಿರಿ ಅಂದೆ. ಹದಿನೇಳು ಜನ ಇದ್ದೀವಿ. ಹೆದರಿ ನಡುಗ್ತಿದ್ದ ಪಕ್ಕದ್ಮನೆ ಅಜ್ಜಿ ಕೂಡ ಈಗ ನಿದ್ದೆ ಹೋದ್ರು ನೋಡು.”

ನಿಜ ಹೇಳಿದರೆ ತನ್ನ ಕೆಲಸ ಹೋದೀತು, ತಂಗಿಯ ನಂಬಿಕೆಯೂ ಹೋದೀತು. ಹೋಗಲಿ. ಜೀವಗಳು ಉಳಿದರೆ ಸಾಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

“ಕೇಳು. ನನ್ನ ನಕ್ಷೆ ತಪ್ಪು. ನೀರು ಬಂದು ನಿಲ್ಲೋದೇ ಅಲ್ಲಿ. ಎಲ್ಲರನ್ನೂ ಎಬ್ಬಿಸ್ಕೊಂಡು ಈಗ್ಲೇ ದೊಡ್ಡ ರಸ್ತೆಗೆ ಹೋಗು.”

ತಂಗಿ ನಕ್ಕಳು. “ಸುಮ್ನಿರಕ್ಕ, ಹೆದರಿಸ್ಬೇಡ.”

“ನಿನ್ನ ಮಗನಾಣೆ ಕಣೇ.”

ನಗು ನಿಂತಿತು. ಬಾಗಿಲು ತೆಗೆಯಿರಿ ಎಂದು ತಂಗಿ ಯಾರಿಗೋ ಹೇಳಿದ್ದು ಕೇಳಿಸಿತು. ಅದರ ಹಿಂದೆಯೇ ನೀರು ನುಗ್ಗಿದ ಸದ್ದು, ಹೆಂಗಸರ ಕೂಗು.

“ಅಕ್ಕಾ, ನೀರು ಸೊಂಟದವರೆಗೂ ಇದೆ. ರಸ್ತೆ ಎಲ್ಲಿದೆ ಅಂತಾನೇ ಕಾಣ್ತಿಲ್ಲ.” ತಂಗಿ ಅಳುತ್ತಿದ್ದಳು. “ನಿನಗೆ ಗೊತ್ತಲ್ವಾ, ನೀನೇ ಹೇಳು. ಯಾವ ಕಡೆ ಹೋಗ್ಲಿ?”