ಡಬ್ಬಿಂಗ್ ದನಿ

ಮುಂಬಯಿಯ ಗೋರೆಗಾಂವ್‌ನ ಸ್ಟುಡಿಯೋ ಒಂದರಲ್ಲಿ ಹಿಂದಿ ಸಿನಿಮಾಗಳಿಗೆ ಕನ್ನಡದ ದನಿ ಕೊಡುವುದು ನನ್ನ ಕೆಲಸ. ಹೋದ ವರ್ಷ ಒಂದು ಸಿನಿಮಾದಲ್ಲಿ ನಾಯಕನ ತಂಗಿಯ ಪಾತ್ರ ಸಿಕ್ಕಿತು. ಆ ಹುಡುಗಿಗೆ ಆಸ್ಪರ್ಜರ್ ಸಿಂಡ್ರೋಮ್. ನನಗೂ ಅದೇ ಇದೆ. ಗದ್ದಲ ಆಗದು, ಸುತ್ತಿ ಬಳಸಿ ಆಡಿದ ಮಾತು ತಿಳಿಯದು. ಮಿಕ್ಕಂತೆ ಎಲ್ಲರ ಹಾಗೆ ಲೋಕಲ್ ರೈಲು ಹತ್ತಿ ದುಡಿದು ತಿನ್ನುತ್ತೇನೆ. ನನಗೆಂದೇ ಹೊಲಿದ ಪಾತ್ರ ಎಂದು ಹಿಗ್ಗಿದೆ.

ಮೊದಲ ಟೇಕ್ ನನ್ನ ಸ್ವಂತ ದನಿಯಲ್ಲೇ ಕೊಟ್ಟೆ. ಡಬ್ಬಿಂಗ್ ನಿರ್ದೇಶಕ ಅನಿಲಕುಮಾರ ಗಾಜಿನಾಚೆಯಿಂದ ಬೇಡವೆಂದು ತಲೆಯಾಡಿಸಿದ.

“ವೈಶಾಲಿ, ಇದು ನಾರ್ಮಲ್ ಆಯ್ತಲ್ಲ! ಮಶೀನ್ ಥರಾ ಬೇಕು.”

“ಸರ್, ನನಗ ಅದ ಐತಿ. ನಾ ಹಿಂಗ ಮಾತಾಡೋದು.”

“ಅರೆ ಯಾರ್, ಪಬ್ಲಿಕ್‌ಗೆ ಗೊತ್ತಾಗಬೇಕಲ್ಲ?”

ಪಬ್ಲಿಕ್‌ಗೆ ಗೊತ್ತಾಗಲೆಂದು ದನಿಗೆ ಇಸ್ತ್ರಿ ಹೊಡೆದು ಚಪ್ಪಟೆ ಮಾಡಿದೆ. “ನನ್ನನ್ನು. ಯಾರೂ. ಮುಟ್ಟಬೇಡಿ.” ಅವನು ಹೆಬ್ಬೆರಳೆತ್ತಿದ. ಸಿನಿಮಾ ಟಿವಿಗೆ ಬಂದಾಗ ಚೆಂಬೂರಿನ ನಮ್ಮ ಬಿಲ್ಡಿಂಗಿನ ಕನ್ನಡದವರೆಲ್ಲ ಸೆರಗಿನಲ್ಲಿ ಮೂಗೊರೆಸಿಕೊಂಡು ಅತ್ತರು. ನನಗೆ ಮೈಯೆಲ್ಲ ಉರಿಯಿತು.

ಈ ಭಾನುವಾರ ಹೆಣ್ಣು ನೋಡಲು ದೇವಾನಂದ ಬಂದ. ಧಾರವಾಡದ ಕಡೆಯವನು, ಬಾಂದ್ರಾದಲ್ಲಿ ನೌಕರಿ. ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೆವು. ನನ್ನ ಆಸ್ಪರ್ಜರ್ ವಿಷಯ ಅವನಿಗೆ ಗೊತ್ತಿತ್ತು. ಅವನು ನನಗೆ ಬೇಕಾಗಿದ್ದ, ಅದರಲ್ಲಿ ಮುಚ್ಚುಮರೆಯೇನು? ಆದರೆ ಹೂಂ ಅನ್ನಬೇಕಾದವಳು ಜೊತೆಗೆ ಬಂದಿದ್ದ, ಅವನನ್ನು ಸಾಕಿದ ಸೋದರತ್ತೆ ಚನ್ನವ್ವ. ಅವಳ ಮುಂದೆ ಆಸ್ಪರ್ಜರ್ ವಿಷಯ ಬಾಯಿ ಬಿಡಬೇಡ ಎಂದು ಅವ್ವ ಗಿಣಿಗೆ ಹೇಳಿದಂತೆ ಹೇಳಿದ್ದಳು. ಚನ್ನವ್ವ ನಗುನಗುತ್ತ ಅವಲಕ್ಕಿ ತಿಂದಳು, ನನ್ನ ಮಾತು ಮೆಚ್ಚಿದಳು. ಮೋಸ ಬೇಡವೆನಿಸಿ ನಾನೇ ಹೇಳಿಬಿಟ್ಟೆ.

“ಅಯ್ಯ, ಆ ಪಿಚ್ಚರ್‌ನ್ಯಾಗಿನ ಹುಡುಗಿಗತೆ?” ಎಂದಳು ಚನ್ನವ್ವ. “ಅದನ್ನ ನೋಡಿ ಎಷ್ಟ ಅತ್ತೀನಿ ನಾ! ನೀ ಹಂಗ ಕಾಣಂಗಿಲ್ಲಲ್ಲವಾ?”

“ಆ ಹುಡುಗಿನ ಸುಳ್ಳರೀ. ಅಕಿ ದನಿ ನಾನ ಕೊಟ್ಟದ್ದು, ನಾಟಕ ಮಾಡಿ. ಕೇಳ್ರಿ ಬೇಕಾದ್ರ.”

ಗಂಟಲು ಸರಿ ಮಾಡಿಕೊಂಡು, ಸುಳ್ಳು ಎಂಥದೆಂದು ತೋರಿಸಲು, ಆ ಮಾತು ಅಂದೆ. “ನನ್ನನ್ನು. ಯಾರೂ. ಮುಟ್ಟಬೇಡಿ.”

ಚನ್ನವ್ವ ಚಹಾದ ಕಪ್ಪು ಕೆಳಗಿಟ್ಟಳು. “ಅಕಿನ! ಥೇಟ್ ಅಕಿನ!”

“ಇದು ನಾಟಕರೀ. ಮೊದಲ ಮಾತಾಡಿದ್ದು ಖರೇ.”

“ಇಲ್ಲ ತಂಗಿ. ಈಗ ಬಂದದ್ದು ಖರೇ. ಇಷ್ಟೊತ್ತನಕ ಆಡಿದ್ದು ನಿಮ್ಮವ್ವ ಕಲಿಸಿದ್ದು.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ದೇವಾನಂದನ ಕಡೆ ನೋಡಿದೆ. ಫೋನಿನಲ್ಲಿ ನನ್ನ ದನಿ ಕೇಳಿದವನು; ಅವನ ಒಂದು ಮಾತು ಸಾಕಿತ್ತು. ಅವನು ಚಹಾದ ಕೆನೆ ನೋಡುತ್ತ ಕೂತ.

ಚನ್ನವ್ವ ಎದ್ದು ನನ್ನ ತಲೆ ನೇವರಿಸಿದಳು. ಟಿವಿ ಮುಂದೆ ಅತ್ತ ಹಾಗೇ ಅತ್ತಳು. “ದೇವರು ನಿನ್ನ ಚಲೋ ಇಡ್ಲಿ. ನಮ್ಮ ಮನಿಗೆ ಮಾತ್ರ ಆಗೂದಿಲ್ಲವಾ,” ಎಂದಳು. ಆ ಕೈ ನನಗೆ ಬೇಡವಾಗಿತ್ತು. ಕೊಡವಿದರೆ ಅದಕ್ಕೂ ಸಿನಿಮಾದ ಹುಡುಗಿಯನ್ನೇ ನೆನೆಯುತ್ತಾಳೆಂದು ಸುಮ್ಮನೆ ನಿಂತೆ.

ಚಪ್ಪಲಿ ಮೆಟ್ಟುವಾಗ ದೇವಾನಂದ ತಲೆ ಎತ್ತಲಿಲ್ಲ, ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಸಿನಿಮಾದಲ್ಲಿ ಅದನ್ನೇ ಕಾಯಿಲೆಯೆಂದು ತೋರಿಸಿದ್ದರು.