ಕಿವಿಯಕ್ಕನ ತಕರಾರು

ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಭಟ್ಟಿಯಲ್ಲಿ ಸುಟ್ಟು ಬಂದ ಕಪ್ಪನ್ನು ಎಡಗೈ ಬೆರಳುಗಳ ಮೇಲೆ ಕೂರಿಸಿಕೊಂಡು ಬಲಗೈಯ ಮರದ ಕಡ್ಡಿಯಿಂದ ಒಮ್ಮೆ ತಟ್ಟುವುದು ಅವಳ ಕೆಲಸ. ಟಿಂಯ್ ಎಂದರೆ ಗಟ್ಟಿ, ಪ್ಯಾಕಿಂಗಿಗೆ. ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕು, ಕಸದ ಕ್ರೇಟಿಗೆ. ಇಪ್ಪತ್ತಾರು ವರ್ಷದಿಂದ ತಟ್ಟುತ್ತಲೇ ಬಂದಿದ್ದಳು. ಆ ಮೇಜು, ಸಂಬಳ, ಮರ್ಯಾದೆ ಎಲ್ಲವೂ ಆ ಎರಡು ಕಿವಿಗಳ ದುಡಿಮೆ.

ಕಪ್ಪಿನಲ್ಲಿ ಬಿರುಕು ಹುಡುಕಿ ಹುಡುಕಿ ಮನುಷ್ಯರಲ್ಲೂ ಹುಡುಕುವ ಚಾಳಿ ಅಂಟಿಕೊಂಡಿತ್ತು. ಹಾಲಿನವನು ನೀರು ಬೆರೆಸುತ್ತಾನೆ, ತರಕಾರಿಯವನು ತಕ್ಕಡಿಗೆ ಹೆಬ್ಬೆರಳು ಕೊಡುತ್ತಾನೆ, ನಾದಿನಿ ಹೊಗಳಿದಳೆಂದರೆ ಏನೋ ಕೇಳುವುದಕ್ಕಿದ್ದಾಳೆ. ಇದರಲ್ಲಿ ಅರ್ಧ ನಿಜವೇ ಆಗುತ್ತಿತ್ತು. ಅದಕ್ಕೇ ಚಾಳಿ ಬಿಡಲಿಲ್ಲ.

ಈ ವರ್ಷದ ಅನುಮಾನವೆಲ್ಲ ಭಟ್ಟಿಯ ಮೇಸ್ತ್ರಿಯ ಮೇಲೆ. ಡಬ್ ಎನ್ನುವ ಕಪ್ಪುಗಳು ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದವು. ಉರಿ ನೋಡಬೇಕಾದವನು ಗೊರಕೆ ಹೊಡೆಯುತ್ತಿರಬೇಕು ಎಂದು ಅವಳ ಲೆಕ್ಕ. "ಉರಿ ಮೊದಲಿನ ಹಾಗೇ ಇದೆ ಅಕ್ಕ, ಮಣ್ಣೇನಾದ್ರೂ ಬದಲಾಗಿದ್ಯೋ ಏನೋ" ಎಂದು ಅವನು ತಲೆ ಕೆರೆದುಕೊಂಡಿದ್ದ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಇವಳು ಮ್ಯಾನೇಜರಿಗೆ ದೂರು ಬರೆದುಕೊಟ್ಟಳು. ಮೇಸ್ತ್ರಿಗೆ ನೋಟಿಸ್ ಬಂತು. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಅಲ್ಲಿ ಕಿವಿಯಕ್ಕ ಹೂಂ ಎಂದರೆ ಅವನ ಕೆಲಸ ಹೋದಂತೆಯೇ.

ಅದರ ಹಿಂದಿನ ದಿನ, ಭಾನುವಾರ ಸಂಜೆ, ಗಂಡ ಅವಳನ್ನು ಸಂಗೀತ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದ. ಮದುವೆಯಾದ ಹೊಸದರಲ್ಲಿ ಇಬ್ಬರೂ ಟೇಪು ಸವೆಯುವಷ್ಟು ಕೇಳಿದ್ದ ತಂಡ ಅದು. ಒಂದು ಹಾಡಿನ ಎರಡನೆಯ ಚರಣ ಮುಗಿದ ಮೇಲೆ ಡ್ರಮ್ಮು, ಗಿಟಾರು ಎಲ್ಲ ನಿಂತು, ಗೇಣುದ್ದದ ಪುಟ್ಟ ಕೊಳಲೊಂದು ಒಂಟಿಯಾಗಿ ಮೇಲೇರುತ್ತಿತ್ತು. ಆ ಜಾಗ ಬಂದಾಗ ಅವಳ ಮೈ ಜುಮ್ಮೆನ್ನುತ್ತಿತ್ತು. ಬಸ್ ಡ್ರೈವರ್ ಗಂಡ ವಾರವೆಲ್ಲ ಹೆಚ್ಚಿನ ಪಾಳಿ ಮಾಡಿ ಟಿಕೆಟ್ ತಂದಿದ್ದ.

ಕಾರ್ಯಕ್ರಮ ಒಂದು ಗಂಟೆ ತಡವಾಗಿ ಶುರುವಾಯಿತು. ಹಾಡುವವನು ಅರ್ಧ ಸಾಲು ತಾನು ಹಾಡಿ, ಇನ್ನರ್ಧಕ್ಕೆ ಮೈಕನ್ನು ಜನರ ಕಡೆ ಹಿಡಿಯುತ್ತಿದ್ದ. ದುಡ್ಡು ಕೊಟ್ಟವರ ಕೈಯಲ್ಲೇ ಹಾಡಿಸುವ ಕಸುಬು ಚೆನ್ನಾಗಿದೆ ಎಂದುಕೊಂಡಳು. ಆದರೂ ಕಾದಳು. ಕೊನೆಗೆ ಆ ಹಾಡು ಬಂತು. ಎರಡನೆಯ ಚರಣ ಮುಗಿಯಿತು, ಎಲ್ಲ ನಿಂತಿತು, ಕೊಳಲಿನವನು ಮುಂದೆ ಬಂದ. ನಾಲ್ಕು ಸ್ವರ ಕೇಳಿಸಿತು. ಆಮೇಲೆ ಏನೂ ಇಲ್ಲ. ಅವನ ಕೆನ್ನೆ ಉಬ್ಬಿತ್ತು, ಬೆರಳು ಕುಣಿಯುತ್ತಿತ್ತು, ಮೈದಾನವೆಲ್ಲ ಸದ್ದಡಗಿ ಕೂತಿತ್ತು.

"ಏನ್ರೀ, ಕೊಳಲು ನಿಂತೋಯ್ತಲ್ಲ?"

"ಶ್! ಸುಮ್ನೆ ಕೇಳೇ."

"ಏನ್ ಕೇಳ್ಲಿ? ಬರೀ ಬೆರಳು ಆಡಿಸ್ತಾ ನಾಟಕ ಮಾಡ್ತಿದ್ದಾನೆ!"

ಗಂಡನ ಕಣ್ಣಲ್ಲಿ ನೀರಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇವಳು ಮಾತ್ರ ಕೈಕಟ್ಟಿ ಕೂತೇ ಇದ್ದಳು.

"ಚೆನ್ನಾಗಿ ಕಿವಿ ಮೇಲೆ ಹೂವಿಟ್ಟು ಕಳಿಸಿದ್ರಿ" ಎಂದು ಮೈದಾನದ ಗೇಟಿನಲ್ಲಿ ನಿಂತಿದ್ದ ಟಿಕೆಟಿನವನಿಗೆ ಹೇಳಿಯೇ ಹೊರಬಿದ್ದಳು.

"ಅಷ್ಟೊಂದು ಜನಕ್ಕೆ ಕೇಳಿಸಿದೆ ಕಣೇ," ಎಂದ ಗಂಡ.

"ಜನಕ್ಕೇನು? ಪಕ್ಕದವನು ಚಪ್ಪಾಳೆ ಹೊಡೆದ ಅಂತ ಇವನೂ ಹೊಡೀತಾನೆ."

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿತ್ತು. ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಆ ತಂಡದವರು ಹಾಗೆ ಬೀದಿಪಾಲು ಮಾಡಬಾರದಿತ್ತು. ಗಂಡ ಆ ಹಾಡನ್ನು ಫೋನಿನಲ್ಲಿ ಹಿಡಿದಿದ್ದ. ಸಾಕ್ಷಿ ಇರಲೆಂದು ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಆ ಸಾಕ್ಷಿಯನ್ನು ಪ್ಯಾಕಿಂಗಿನವಳ ಮುಂದೆ ಇಟ್ಟಳು. ಪಕ್ಕದ ಮೇಜಿನಲ್ಲಿ ಹನ್ನೆರಡು ವರ್ಷದಿಂದ ಕಪ್ಪಿಗೆ ಕಾಗದ ಸುತ್ತುತ್ತಿದ್ದ ವಾಚಾಳಿ ಅವಳು.

"ಕೇಳು, ಹೇಗೆ ಮೋಸ ಮಾಡ್ತಾರೆ ಅಂತ."

ಪ್ಯಾಕಿಂಗಿನವಳು ಫೋನನ್ನು ಕಿವಿಗೆ ಹಿಡಿದಳು. "ಅಬ್ಬಾ! ಎಷ್ಟು ಮೇಲಕ್ಕೆ ಹೋಗ್ತಾನಕ್ಕ!"

"ಎಲ್ಲಿ?"

"ಇಗೋ, ಈಗ. ಇನ್ನೂ ಮೇಲೆ."

ಕಿವಿಯಕ್ಕ ಫೋನು ಕಿತ್ತುಕೊಂಡು ಕೇಳಿದಳು. ನಾಲ್ಕು ಸ್ವರ, ಆಮೇಲೆ ಬರಿಯ ಸುಯ್ ಎನ್ನುವ ಗಾಳಿ. ಗಂಡ ಈ ಪ್ಯಾಕಿಂಗಿನವಳಿಗೂ ಹೇಳಿಕೊಟ್ಟನೇ? ಅವನು ಇವಳ ಮುಖವನ್ನೂ ನೋಡಿದವನಲ್ಲ. ಯಾರ ಮೇಲೆ ಹೊರಿಸೋಣವೆಂದು ಹುಡುಕಿದಳು, ಯಾರೂ ಸಿಗಲಿಲ್ಲ.

ಅವಳ ಮುಖವನ್ನೇ ನೋಡುತ್ತಿದ್ದ ಪ್ಯಾಕಿಂಗಿನವಳು ಮಾತಿಲ್ಲದೆ ಕಸದ ಕ್ರೇಟಿನಿಂದ ಒಂದು ಕಪ್ಪು ತೆಗೆದು, ಅವಳ ಕಿವಿಯ ಹತ್ತಿರ ತಟ್ಟಿದಳು. "ಹೇಗಿದೆ?"

"ಡಬ್."

"ಇದು?"

"ಅದೂ ಡಬ್ಬೇ."

"ಎರಡೂ ಗಟ್ಟಿ ಅಕ್ಕ. ನೀನು ಎಸೆಯೋದ್ರಲ್ಲಿ ಅರ್ಧಕ್ಕರ್ಧ ಗಟ್ಟಿ ಕಪ್ಪುಗಳೇ. ಎಂಟು ತಿಂಗಳಿಂದ ಕೈಲಾದಷ್ಟು ಆರಿಸಿ ಪ್ಯಾಕಿಂಗಿಗೆ ಸೇರಿಸ್ತಿದ್ದೀನಿ. ಎಲ್ಲಾ ಆಗಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ಯಾ? ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದಾಳೆ ಅಂತಿದ್ದೆ."

ಹೌದು, ಹಾಗೇ ಅನ್ನುತ್ತಿದ್ದಳು. ಕೈಯಲ್ಲಿದ್ದ ಕಡ್ಡಿಯನ್ನು ಮೇಜಿನ ಮೇಲಿಟ್ಟಳು. ಭಯವಾಯಿತು. ಕಿವಿಯಿಲ್ಲದ ಕಿವಿಯಕ್ಕನಿಗೆ ಇಲ್ಲಿ ಯಾರು ಸಂಬಳ ಕೊಡುತ್ತಾರೆ?

"ಇನ್ನು ಮೂರು ವರ್ಷ ತಾನೇ ನಿನ್ನ ರಿಟೈರ್‌ಮೆಂಟಿಗೆ?" ಪ್ಯಾಕಿಂಗಿನವಳು ದನಿ ತಗ್ಗಿಸಿದಳು. "ಬಾಯಿ ಬಿಡಬೇಡ. ನಾನಿದ್ದೀನಿ."

"ಮತ್ತೆ ಮೇಸ್ತ್ರಿ?"

ಪ್ಯಾಕಿಂಗಿನವಳು ಮುಂದಿನ ಕಪ್ಪಿಗೆ ಕಾಗದ ಸುತ್ತತೊಡಗಿದಳು.

ಹನ್ನೊಂದಕ್ಕೆ ಮ್ಯಾನೇಜರನ ಕೋಣೆಯಲ್ಲಿ ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದ. ಮೇಜಿನ ಮೇಲೆ ಮಾದರಿಗೆಂದು ಕಪ್ಪುಗಳಿದ್ದವು.

"ಹೇಳಮ್ಮ, ಕಪ್ಪುಗಳು ಯಾಕೆ ಇಷ್ಟು ಬಿರುಕು ಬಿಡ್ತಿವೆ?"

"ಕಪ್ಪು ಬಿರುಕು ಬಿಟ್ಟಿಲ್ಲ ಸಾರ್. ನನ್ನ ಕಿವಿ ಹೋಗಿದೆ. ಮಾತೆಲ್ಲ ಕೇಳಿಸುತ್ತೆ, ಆ ಸಣ್ಣ ಟಿಂಯ್ ಮಾತ್ರ ಕೇಳಿಸಲ್ಲ."

ಮ್ಯಾನೇಜರ್ ಅವಳನ್ನೂ ಮೇಸ್ತ್ರಿಯನ್ನೂ ಓರೆಗಣ್ಣಿನಿಂದ ನೋಡಿದ. "ಇವನು ನಿಮ್ಮನೆಗೆ ಬಂದು ಕಾಲು ಹಿಡಿದನಾ? ಏನಾದ್ರೂ ಕೊಟ್ಟನಾ?"

ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದು ಅವಳದ್ದೇ ಆಗಿತ್ತು. ಇದಿರಿಗೆ ನಿಂತರೆ ಹೀಗೆ ಚುಚ್ಚುತ್ತದೆಂದು ತಿಳಿದಿರಲಿಲ್ಲ.

"ನಂಬಿಕೆ ಇಲ್ದಿದ್ರೆ ಎರಡು ಕಪ್ಪು ತಟ್ಟಿ ನೋಡಿ ಸಾರ್" ಎಂದು ಬೆನ್ನು ತಿರುಗಿಸಿ ನಿಂತಳು.

ಮ್ಯಾನೇಜರ್ ಒಂದನ್ನು ತಟ್ಟಿದ. ಇನ್ನೊಂದನ್ನು ತಟ್ಟಿದ. ಅವಳು ಕಣ್ಣು ಮುಚ್ಚಿ, ಇಪ್ಪತ್ತಾರು ವರ್ಷದ ಕಿವಿಯನ್ನೆಲ್ಲ ಒಟ್ಟುಮಾಡಿ ಕೇಳಿದಳು.

"ಎರಡೂ ಒಂದೇ ಥರ ಕೇಳಿಸ್ತು ಸಾರ್."

ಮ್ಯಾನೇಜರ್ ಕಪ್ಪನ್ನು ಮೇಜಿನ ಮೇಲಿಟ್ಟ. ಕೊನೆಗೆ ಮೇಸ್ತ್ರಿಯೇ ಬಾಯಿಬಿಟ್ಟ. "ಮೊದಲನೇದು ಗಟ್ಟಿ ಅಕ್ಕ. ಎರಡನೇದ್ರಲ್ಲಿ ಬಿರುಕಿದೆ."

ಕಿವಿಯಕ್ಕ ಅವನ ಕಡೆ ತಿರುಗಿದಳು; ತಾನೇ ತಟ್ಟಿ ನೋಡೋಣವೆಂದು ಕಪ್ಪಿಗೆ ಕೈ ಹಾಕಲಿಲ್ಲ.

"ನೀನು ಹೇಳಿದ ಮೇಲೆ ಆಯ್ತಪ್ಪ" ಎಂದಳು.